ಸ್ತನ ಕ್ಯಾನ್ಸರ್ ಆಪರೇಷನ್ ನಂತರ ಕೈ ಊದಿದರೆ: ಬಾವು ಇಳಿಸುವ, ಇಳಿದದ್ದನ್ನು ಉಳಿಸಿಕೊಳ್ಳುವ ಕ್ರಮ

ಸ್ತನ ಕ್ಯಾನ್ಸರ್ ಆಪರೇಷನ್ ಆದ ಕಡೆಯ ಕೈ ಕೆಲವು ತಿಂಗಳು ಅಥವಾ ವರ್ಷಗಳ ನಂತರ ಊದಿಕೊಳ್ಳುವುದಕ್ಕೆ ಲಿಂಫೆಡಿಮಾ ಎನ್ನುತ್ತಾರೆ. ಈ ಬಾವು ಮಾತ್ರೆಗೆ ಇಳಿಯುವುದಿಲ್ಲ, ಎಣ್ಣೆ ಹಚ್ಚಿ ತಿಕ್ಕಿದರೆ ಕರಗುವುದೂ ಇಲ್ಲ. ಇದಕ್ಕೆ ಮುಖ್ಯ ಮದ್ದು ಹೊರಗಿನಿಂದ ಕೊಡುವ ಹದವಾದ ಒತ್ತಡ. ಮೊದಲು ಬ್ಯಾಂಡೇಜ್ ಕಟ್ಟಿ ಕೈಯನ್ನು ಸಣ್ಣದಾಗಿಸಬೇಕು, ಆಮೇಲೆ ಆ ಸಣ್ಣ ಕೈಯ ಅಳತೆಗೆ ಸ್ಲೀವ್, ಅಂದರೆ ಕೈಯನ್ನು ಬಿಗಿಯಾಗಿ ಒತ್ತಿ ಹಿಡಿಯುವ ತೋಳುಚೀಲ, ತೊಡಬೇಕು. ಊದಿದ ಕೈಗೇ ನೇರವಾಗಿ ಸ್ಲೀವ್ ಕೊಂಡು ಹಾಕಿ, ಏನೂ ಪ್ರಯೋಜನವಾಗಲಿಲ್ಲವೆಂದು ಕೈಬಿಟ್ಟವರು ತುಂಬಾ ಜನ. ಅಲ್ಲಿ ತಪ್ಪಿದ್ದು ಕ್ರಮ, ಚಿಕಿತ್ಸೆಯಲ್ಲ.

ಕಾರಣ ತಿಳಿದರೆ ಮುಂದಿನದೆಲ್ಲ ಸುಲಭ. ರಕ್ತನಾಳಗಳಿಂದ ಹೊರಬಂದು ಮಾಂಸಖಂಡಗಳ ಸುತ್ತ ನಿಲ್ಲುವ ನೀರು ಮತ್ತು ಪ್ರೋಟೀನನ್ನು ಹೊತ್ತು ಹಿಂದಕ್ಕೆ ತರುವುದು ದುಗ್ಧನಾಳಗಳ ಕೆಲಸ. ಕೈಯ ದುಗ್ಧನಾಳಗಳಲ್ಲಿ ಹೆಚ್ಚಿನವು ಕಂಕುಳಿನ ಗ್ರಂಥಿಗಳ ಮೂಲಕವೇ ಹಾದುಹೋಗುತ್ತವೆ. ಕ್ಯಾನ್ಸರ್ ಹರಡಿದೆಯೇ ಎಂದು ನೋಡಲು, ಹರಡಿದ್ದನ್ನು ತೆಗೆಯಲು ಆ ಗ್ರಂಥಿಗಳನ್ನು ತೆಗೆದಾಗ ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ ದಾರಿ ಕಿರಿದಾಗುತ್ತದೆ. ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕೈ ಊದುತ್ತದೆ. ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ಪರೀಕ್ಷಿಸುವ ಸೆಂಟಿನೆಲ್ ವಿಧಾನದಲ್ಲಿ ಈ ಪ್ರಮಾಣ ಶೇ. 5-6ರ ಆಸುಪಾಸು. ಹೆಚ್ಚಿನವರಿಗೆ ಮೊದಲ ಎರಡು-ಮೂರು ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತದೆ. ಆದರೆ ಹತ್ತು ವರ್ಷದ ನಂತರವೂ ಬರಬಹುದು. ರೇಡಿಯೇಷನ್, ಬೊಜ್ಜು, ಕೈಗೆ ತಗಲುವ ಸೋಂಕು, ಇವು ಅಪಾಯ ಹೆಚ್ಚಿಸುತ್ತವೆ.

ನಿಂತ ದ್ರವದಲ್ಲಿ ಪ್ರೋಟೀನ್ ಇರುವುದೇ ಈ ಬಾವಿನ ತೊಂದರೆ. ಮೂತ್ರ ಹೆಚ್ಚಿಸುವ ಮಾತ್ರೆ ನೀರನ್ನು ಎಳೆಯುತ್ತದೆ, ಪ್ರೋಟೀನ್ ಅಲ್ಲೇ ಉಳಿದು ಮತ್ತೆ ನೀರನ್ನು ಸೆಳೆದುಕೊಳ್ಳುತ್ತದೆ. ದಿನಗಳೆದಂತೆ ಆ ಪ್ರೋಟೀನಿನಿಂದಾಗಿ ನಾರು ಮತ್ತು ಕೊಬ್ಬು ಬೆಳೆದು ಕೈ ಗಟ್ಟಿಯಾಗುತ್ತದೆ. ಮೊದಲ ಹಂತದಲ್ಲಿ ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆ, ರಾತ್ರಿ ಕೈ ಎತ್ತಿಟ್ಟು ಮಲಗಿದರೆ ಬೆಳಗ್ಗೆ ಇಳಿದಿರುತ್ತದೆ. ಎರಡನೆಯ ಹಂತದಲ್ಲಿ ಎತ್ತಿಟ್ಟರೂ ಇಳಿಯುವುದಿಲ್ಲ. ಚಿಕಿತ್ಸೆಗೆ ಅತ್ಯುತ್ತಮ ಕಾಲ ಆ ಮೊದಲ ಹಂತವೇ, ಸಾಧ್ಯವಾದರೆ ಅದಕ್ಕಿಂತಲೂ ಮುಂಚೆ.

ಆನೆಕಾಲು ರೋಗ ಇರುವ ಕಲಬುರಗಿ, ಬೀದರ್ ಕಡೆ ಮತ್ತು ಕರಾವಳಿಯಲ್ಲಿ ಊದಿದ ಕೈ ಕಂಡರೆ ಫೈಲೇರಿಯಾ ಎಂದುಕೊಳ್ಳುವವರಿದ್ದಾರೆ. ಆಪರೇಷನ್ ನಂತರದ ಈ ಬಾವಿಗೆ ಸೊಳ್ಳೆ, ಹುಳು ಕಾರಣವಲ್ಲ, ಫೈಲೇರಿಯಾಕ್ಕೆ ಕೊಡುವ ಡಿಇಸಿ ಮಾತ್ರೆಯಿಂದ ಇದಕ್ಕೆ ಉಪಯೋಗವಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಮೊದಲು ವೈದ್ಯರು ನೋಡಲಿ

ಬಾವು ಕಂಡ ಕೂಡಲೇ ಕಟ್ಟಲು ಹೊರಡಬೇಡಿ. ಕೈ ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ಊದಿ ನೀಲಿಗಟ್ಟಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಔಷಧಿ ಕೊಡಲು ರಕ್ತನಾಳದಲ್ಲಿ ಇಟ್ಟಿರುವ ನಳಿಕೆ (ಕೀಮೋ ಪೋರ್ಟ್ ಅಥವಾ ಪಿಕ್ ಲೈನ್) ಇರುವವರಲ್ಲಿ ಈ ಸಾಧ್ಯತೆ ಹೆಚ್ಚು. ಡಾಪ್ಲರ್ ಸ್ಕ್ಯಾನ್ ಅದನ್ನು ತೋರಿಸುತ್ತದೆ. ತೀವ್ರ ನೋವು, ಬೆರಳುಗಳಲ್ಲಿ ಬಲಹೀನತೆ, ಕಂಕುಳಲ್ಲಿ ಅಥವಾ ಕೊರಳೆಲುಬಿನ ಮೇಲೆ ಹೊಸ ಗಂಟು ಇದ್ದರೆ ಕ್ಯಾನ್ಸರ್ ಮರಳಿದೆಯೇ ಎಂದು ನೋಡಬೇಕಾಗುತ್ತದೆ. ಲಿಂಫೆಡಿಮಾದಲ್ಲಿ ಸಾಮಾನ್ಯವಾಗಿ ಇರುವುದು ಭಾರ, ಬಿಗಿತ, ಒಂದು ಬಗೆಯ ತುಂಬಿದ ಭಾವ. ತಡೆಯಲಾರದ ನೋವು ಅದರ ಲಕ್ಷಣವಲ್ಲ. ಹೃದಯ ವೈಫಲ್ಯ ಇರುವವರು, ಕೈಯ ರಕ್ತಪೂರೈಕೆ ಕಡಿಮೆ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಒತ್ತಡದ ಚಿಕಿತ್ಸೆ ಶುರುಮಾಡಬಾರದು.

ಆಪರೇಷನ್ ಆದ ಮೊದಲ ವಾರಗಳಲ್ಲಿ ಕಂಕುಳಿಂದ ಮೊಣಕೈಯತ್ತ ತಂತಿಯಂತೆ ಬಿಗಿದು ಕೈ ಎತ್ತಲಾಗದಿದ್ದರೆ ಅದು ಬೇರೆ ತೊಂದರೆ. ಫಿಸಿಯೋಥೆರಪಿಸ್ಟ್ ಹೇಳಿಕೊಡುವ ಎಳೆತದ ವ್ಯಾಯಾಮಕ್ಕೆ ಹೆಚ್ಚಾಗಿ ಕೆಲವು ವಾರ-ತಿಂಗಳುಗಳಲ್ಲಿ ಸಡಿಲಗೊಳ್ಳುತ್ತದೆ.

ಅಳತೆ: ಟೇಪು, ಪೆನ್ನು, ಒಂದು ನೋಟ್‌ಬುಕ್

ಕಣ್ಣಳತೆ ನಂಬಬೇಡಿ. ಟೈಲರ್ ಬಳಸುವ ಟೇಪು ಸಾಕು. ಮೇಜಿನ ಮೇಲೆ ಕೈ ಚಾಚಿ, ಅಂಗೈ ಕೆಳಗೆ ಮಾಡಿ. ಮಣಿಕಟ್ಟಿನ ಎಲುಬಿನ ಬಳಿ ಮೊದಲ ಗುರುತು, ಅಲ್ಲಿಂದ ಪ್ರತಿ 4 ಸೆಂ.ಮೀ.ಗೆ ಒಂದೊಂದು ಗುರುತು ಹಾಕುತ್ತ ಕಂಕುಳಿನ ಸಮೀಪದವರೆಗೆ ಹೋಗಿ. ಸಾಮಾನ್ಯ ಎತ್ತರದ ಹೆಂಗಸರಿಗೆ ಹತ್ತು ಗುರುತು ಬರುತ್ತವೆ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಎರಡೂ ಕೈ ಅಳೆಯಿರಿ, ಪ್ರತಿ ಸಲ ಒಂದೇ ಹೊತ್ತಿನಲ್ಲಿ ಅಳೆಯಿರಿ. ಸಂಜೆಗೆ ಕೈ ಬೆಳಗಿಗಿಂತ ದಪ್ಪವಿರುತ್ತದೆ.

4 ಸೆಂ.ಮೀ. ಅಂತರ ಇಟ್ಟುಕೊಳ್ಳುವುದರಿಂದ ಲೆಕ್ಕ ಸುಲಭವಾಗುತ್ತದೆ. ಪ್ರತಿ ಸುತ್ತಳತೆಯನ್ನೂ ಅದೇ ಸುತ್ತಳತೆಯಿಂದ ಗುಣಿಸಿ (16 ಆದರೆ 16 × 16), ಎಲ್ಲವನ್ನೂ ಕೂಡಿ, 3.14ರಿಂದ ಭಾಗಿಸಿದರೆ ಕೈಯ ಗಾತ್ರ ಸುಮಾರಾಗಿ ಮಿ.ಲೀ.ನಲ್ಲಿ ಸಿಗುತ್ತದೆ. ಉದಾಹರಣೆಗೆ, ಸರಿಯಿರುವ ಕೈಯ ಅಳತೆಗಳು 16, 17.5, 20, 22.5, 24, 25, 26, 27.5, 29, 30 ಸೆಂ.ಮೀ. ಆದರೆ ಗಾತ್ರ ಸುಮಾರು 1,861 ಮಿ.ಲೀ. ಊದಿದ ಕೈಯದು 17, 19, 22, 24.5, 26, 26.5, 27, 28.5, 30, 30.5 ಆದರೆ ಸುಮಾರು 2,065 ಮಿ.ಲೀ. ವ್ಯತ್ಯಾಸ 204 ಮಿ.ಲೀ., ಅಂದರೆ ಶೇ. 11. ಇಲ್ಲಿ ಯಾವ ಗುರುತಿನಲ್ಲೂ 2 ಸೆಂ.ಮೀ.ಗಿಂತ ಹೆಚ್ಚಿನ ವ್ಯತ್ಯಾಸ ಇಲ್ಲ, ನೋಡಿದವರಿಗೆ ಅಷ್ಟೇನೂ ಅನ್ನಿಸುವುದಿಲ್ಲ. ಆದರೂ ಇದು ಚಿಕಿತ್ಸೆ ಬೇಕಾದ ಲಿಂಫೆಡಿಮಾ. ಯಾವುದೇ ಒಂದು ಗುರುತಿನಲ್ಲಿ 2 ಸೆಂ.ಮೀ. ಅಥವಾ ಒಟ್ಟು ಗಾತ್ರದಲ್ಲಿ ಶೇ. 10 ದಾಟಿದರೆ ಬಾವು ಖಚಿತ ಎಂದು ವೈದ್ಯರು ಪರಿಗಣಿಸುತ್ತಾರೆ. ಶೇ. 5ಕ್ಕೇ ಎಚ್ಚರಾಗುವುದು ಜಾಣತನ.

ಹೆಚ್ಚು ಬಳಸುವ ಕೈ ಮೊದಲಿನಿಂದಲೂ ಒಂದಿಷ್ಟು ದಪ್ಪವಿರುತ್ತದೆ. ಆದ್ದರಿಂದ ಆಪರೇಷನ್ನಿಗೆ ಮುಂಚೆಯೇ ಎರಡೂ ಕೈ ಅಳೆದು ಬರೆದಿಟ್ಟರೆ ಮುಂದೆ ಗೊಂದಲವಿರುವುದಿಲ್ಲ. ಇದನ್ನು ಆಸ್ಪತ್ರೆಯವರು ಮಾಡದಿದ್ದರೆ ಮನೆಯವರೇ ಮಾಡಿ, ಹತ್ತು ನಿಮಿಷದ ಕೆಲಸ. ಆಮೇಲೆ ಮೊದಲ ಎರಡು-ಮೂರು ವರ್ಷ ಮೂರು ತಿಂಗಳಿಗೊಮ್ಮೆ ಅಳೆಯಿರಿ. ಉಂಗುರ ಬಿಗಿಯಾಗುವುದು, ಬಳೆ ಹತ್ತದಿರುವುದು, ರವಿಕೆಯ ಒಂದೇ ತೋಳು ಕಚ್ಚುವುದು ಟೇಪಿಗಿಂತ ಮುಂಚೆಯೇ ಸುಳಿವು ಕೊಡುತ್ತವೆ.

ಅಳತೆಯಲ್ಲಷ್ಟೇ ಗೊತ್ತಾಗುವ ಈ ಆರಂಭದ ಬಾವಿಗೆ ಬ್ಯಾಂಡೇಜ್ ಬೇಕಾಗದೇ ಇರಬಹುದು. ಸುಮಾರು ನಾಲ್ಕು ವಾರ ಹಗಲೆಲ್ಲ ಸ್ಲೀವ್ ತೊಟ್ಟು, ಬಾವು ಇಳಿದ ಮೇಲೆ ಕೆಲಸ, ವ್ಯಾಯಾಮದ ಹೊತ್ತಿಗಷ್ಟೇ ತೊಡುವ ಕ್ರಮ ಅನೇಕರಿಗೆ ಸಾಕಾಗುತ್ತದೆ. ಕ್ರಮ ಮುಖ್ಯ ಎಂಬ ಮಾತಿಗೆ ಇದೊಂದೇ ವಿನಾಯಿತಿ.

ಇಳಿಸುವ ಹಂತ: ಬ್ಯಾಂಡೇಜ್

ಬಾವು ಖಚಿತವಾದವರಿಗೆ ಎರಡರಿಂದ ನಾಲ್ಕು ವಾರ, ವಾರಕ್ಕೆ ಐದು ದಿನ, ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಬಳಿ ಚಿಕಿತ್ಸೆ ನಡೆಯುತ್ತದೆ. ಚರ್ಮದ ಆರೈಕೆ, ಹಗುರ ಮಸಾಜು, ಹಲವು ಪದರದ ಬ್ಯಾಂಡೇಜ್, ವ್ಯಾಯಾಮ, ಈ ನಾಲ್ಕೂ ಸೇರಿದ್ದು ಈ ಚಿಕಿತ್ಸೆ. ಬ್ಯಾಂಡೇಜ್ ದಿನದ 22-23 ಗಂಟೆ ಕೈಮೇಲಿರುತ್ತದೆ, ಬಿಚ್ಚುವುದು ಸ್ನಾನ ಮತ್ತು ಮಸಾಜಿನ ಹೊತ್ತಿಗೆ ಮಾತ್ರ. ಊರಿನಿಂದ ದಿನವೂ ಬರಲಾಗದವರು ಮೊದಲ ಮೂರು-ನಾಲ್ಕು ದಿನ ಮನೆಯವರೊಬ್ಬರನ್ನು ಜೊತೆಗೆ ಕರೆತಂದು ಕಟ್ಟುವುದನ್ನು ಕಲಿಸಿಕೊಳ್ಳಬೇಕು. ಒಂದೇ ಕೈಯಲ್ಲಿ ತಾನೇ ಕಟ್ಟಿಕೊಳ್ಳಲು ಬರುತ್ತದೆ, ಆದರೆ ಅಭ್ಯಾಸ ಬೇಕು.

ಮೆಡಿಕಲ್ ಅಂಗಡಿಯ ಮಾಮೂಲಿ ಕ್ರೇಪ್ ಬ್ಯಾಂಡೇಜ್ ಇದಕ್ಕಲ್ಲ. ಅದು ರಬ್ಬರಿನಂತೆ ತುಂಬಾ ಹಿಗ್ಗುತ್ತದೆ. ಕೈ ಸುಮ್ಮನಿದ್ದಾಗಲೂ ಹಿಂಡುತ್ತಲೇ ಇರುತ್ತದೆ, ಕೆಲಸ ಮಾಡುವಾಗ ಸ್ನಾಯು ಉಬ್ಬಿದರೆ ತಾನೂ ಹಿಗ್ಗಿ ಜಾಗ ಬಿಡುತ್ತದೆ. ನಮಗೆ ಬೇಕಾದದ್ದು ಇದರ ತದ್ವಿರುದ್ಧ. ಶಾರ್ಟ್ ಸ್ಟ್ರೆಚ್ ಬ್ಯಾಂಡೇಜ್ ಹೆಚ್ಚು ಹಿಗ್ಗುವುದಿಲ್ಲ. ವಿಶ್ರಾಂತಿಯಲ್ಲಿ ಒತ್ತಡ ಕಡಿಮೆ, ಸ್ನಾಯು ಉಬ್ಬಿದಾಗ ಅದಕ್ಕೆ ಗೋಡೆಯಂತೆ ಎದುರು ನಿಂತು ದ್ರವವನ್ನು ಮೇಲಕ್ಕೆ ತಳ್ಳುತ್ತದೆ. ಬೆಲೆ ಜಾಸ್ತಿ, ಆದರೆ ಒಗೆದು ಮತ್ತೆ ಮತ್ತೆ ಬಳಸಬಹುದು.

ಒಂದು ಕೈಗೆ ಬೇಕಾದ ಸಾಮಾನು: ಕೊಳವೆಯಾಕಾರದ ಹತ್ತಿ ಬಟ್ಟೆ, ಬೆರಳಿಗೆ 4 ಸೆಂ.ಮೀ. ಅಗಲದ ಗಾಜ್ ಬ್ಯಾಂಡೇಜ್ ಎರಡು, ಮೆತ್ತೆಗೆ 10 ಸೆಂ.ಮೀ. ಅಗಲದ ಪ್ಯಾಡಿಂಗ್ ಸುರುಳಿ ಎರಡು, ಶಾರ್ಟ್ ಸ್ಟ್ರೆಚ್ ಬ್ಯಾಂಡೇಜ್ 6 ಸೆಂ.ಮೀ. ಒಂದು, 8 ಸೆಂ.ಮೀ. ಒಂದು, 10 ಸೆಂ.ಮೀ. ಒಂದು ಅಥವಾ ಎರಡು. ಜೊತೆಗೆ ಅಂಟುಪಟ್ಟಿ. ಲೋಹದ ಕ್ಲಿಪ್ ಬೇಡ, ಚರ್ಮ ಗೀರುತ್ತದೆ.

1. ಕೈ ತೊಳೆದು, ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ, ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ ಆರಲು ಬಿಡಿ. ಹೆಬ್ಬೆರಳಿಗೆ ತೂತು ಮಾಡಿದ ಕೊಳವೆ ಬಟ್ಟೆಯನ್ನು ಕಂಕುಳಿನವರೆಗೆ ಎಳೆಯಿರಿ.

2. ಗಾಜ್ ಬ್ಯಾಂಡೇಜನ್ನು ಮಣಿಕಟ್ಟಿಗೆ ಒಂದು ಸುತ್ತು ಹಾಕಿ, ಹಸ್ತದ ಮೇಲ್ಗಡೆಯಿಂದ ಬೆರಳಿಗೆ ತನ್ನಿ. ಉಗುರಿನ ಬುಡದಿಂದ ಬೆರಳ ಬುಡದವರೆಗೆ ಮೂರು-ನಾಲ್ಕು ಸುತ್ತು, ಮತ್ತೆ ಹಸ್ತದ ಮೇಲಿಂದಲೇ ಮಣಿಕಟ್ಟಿಗೆ. ಹೀಗೆ ಐದೂ ಬೆರಳಿಗೆ. ಅಂಗೈ ಮೇಲೆ ಹಾಯಿಸಬೇಡಿ, ಹಿಡಿತಕ್ಕೆ ಅಡ್ಡಿ. ಬೆರಳ ತುದಿ ಕಾಣುತ್ತಿರಲಿ.

3. ಮೆತ್ತೆಯನ್ನು ಹಸ್ತದಿಂದ ಕಂಕುಳಿನವರೆಗೆ ಸುತ್ತಿ. ಮೊಣಕೈ ಮಡಿಕೆ ಮತ್ತು ಮಣಿಕಟ್ಟಿನ ಬಳಿ ಇನ್ನೊಂದು ಪದರ ಇರಲಿ. ಅಲ್ಲೇ ಹೆಚ್ಚು ಉಜ್ಜುವುದು.

4. ಬೆರಳು ಅಗಲಿಸಿ ಹಿಡಿದು 6 ಸೆಂ.ಮೀ.ಯದನ್ನು ಮಣಿಕಟ್ಟಿನಿಂದ ಶುರುಮಾಡಿ, ಬೆರಳ ಗೆಣ್ಣುಗಳು ಮುಚ್ಚುವಂತೆ ಹಸ್ತಕ್ಕೆ ಎರಡು-ಮೂರು ಸಲ ಸುತ್ತಿ, ಉಳಿದದ್ದನ್ನು ಮುಂಗೈ ಮೇಲೆ ಮುಗಿಸಿ.

5. ಮುಷ್ಟಿ ಬಿಗಿಹಿಡಿದು 8 ಸೆಂ.ಮೀ.ಯದನ್ನು ಮಣಿಕಟ್ಟಿನಿಂದ ಮೇಲಕ್ಕೆ ಸುತ್ತಿ. ಮುಷ್ಟಿ ಹಿಡಿಯದಿದ್ದರೆ ಆಮೇಲೆ ಕೆಲಸ ಮಾಡುವಾಗ ಬಿಗಿ ಎನ್ನಿಸುತ್ತದೆ. ಪ್ರತಿ ಸುತ್ತು ಹಿಂದಿನದರ ಅರ್ಧದ ಮೇಲೆ ಬರಬೇಕು.

6. ಮೊಣಕೈ ಸ್ವಲ್ಪ ಬಾಗಿಸಿ, 10 ಸೆಂ.ಮೀ.ಯದನ್ನು ವಿರುದ್ಧ ದಿಕ್ಕಿನಲ್ಲಿ ಮುಂಗೈಯಿಂದ ಕಂಕುಳಿನವರೆಗೆ ಒಯ್ದು ಅಂಟುಪಟ್ಟಿ ಹಾಕಿ.

ಒತ್ತಡ ಹಸ್ತದ ಬಳಿ ಹೆಚ್ಚು, ರಟ್ಟೆಯ ಬಳಿ ಕಡಿಮೆ ಇರಬೇಕು. ಇದನ್ನು ಎಳೆತದಿಂದ ಸಾಧಿಸಲು ಹೋಗುವುದೇ ಹೊಸಬರ ತಪ್ಪು. ಎಲ್ಲ ಕಡೆಯೂ ಒಂದೇ ಹದವಾದ ಎಳೆತ ಇಡಿ. ತೆಳ್ಳಗಿನ ಜಾಗದಲ್ಲಿ ಅದೇ ಎಳೆತಕ್ಕೆ ಒತ್ತಡ ತಾನಾಗಿ ಹೆಚ್ಚಿರುತ್ತದೆ, ಕೆಳಗೆ ಪದರಗಳೂ ಹೆಚ್ಚಿರುತ್ತವೆ. ಮಣಿಕಟ್ಟು ತೀರಾ ತೆಳ್ಳಗಿದ್ದು ಮುಂಗೈ ದಪ್ಪವಿದ್ದರೆ ಮಣಿಕಟ್ಟಿಗೆ ಮೆತ್ತೆ ತುಂಬಿ ಕೈಯನ್ನು ಉರುಟಾಗಿಸಿಕೊಂಡು ಆಮೇಲೆ ಸುತ್ತಿ.

ಕಟ್ಟಿದ ಮೇಲೆ ಬೆರಳ ತುದಿ ಒತ್ತಿ ಬಿಡಿ, ಎರಡು-ಮೂರು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಸ್ವಲ್ಪ ಜೋಮು ಹಿಡಿದರೆ ಹತ್ತು-ಹದಿನೈದು ನಿಮಿಷ ಬೆರಳು ಮಡಚಿ ಬಿಡಿಸಿ ನೋಡಿ. ಕಡಿಮೆಯಾಗದಿದ್ದರೆ, ಬೆರಳು ನೀಲಿಯಾದರೆ ಅಥವಾ ನೋವಾದರೆ ಅರ್ಧರಾತ್ರಿಯಾದರೂ ಬಿಚ್ಚಿಬಿಡಿ. ನೋವು ಸಹಿಸಿಕೊಂಡರೆ ಬೇಗ ಇಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹಸ್ತ ಬಿಟ್ಟು ಮುಂಗೈಯಿಂದ ಕಟ್ಟಿದರೆ ದ್ರವ ಹಸ್ತಕ್ಕಿಳಿದು ಅಲ್ಲಿ ಹೊಸ ಬಾವು ಬರುತ್ತದೆ. ಮೊದಲ ದಿನಗಳಲ್ಲಿ ಕೈ ಬೇಗ ಇಳಿಯುವುದರಿಂದ ಕಟ್ಟು ಸಡಿಲಾಗಿ ಜಾರುತ್ತದೆ. ಜಾರಿ ಮೊಣಕೈ ಬಳಿ ಸುರುಳಿಯಾದ ಬ್ಯಾಂಡೇಜ್ ಹಗ್ಗ ಬಿಗಿದಂತಾಗುತ್ತದೆ, ಕೂಡಲೇ ಬಿಚ್ಚಿ ಮತ್ತೆ ಕಟ್ಟಿ.

ಎರಡು ಮೂರು ಅಳತೆಗಳು ಸತತವಾಗಿ ಒಂದೇ ಬಂದರೆ ಈ ಹಂತ ಮುಗಿಯಿತು.

ಮಸಾಜು: ಚರ್ಮ ಸರಿಸುವಷ್ಟೇ

1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೊಡ್ಡರ್ ದಂಪತಿ ರೂಪಿಸಿದ ಈ ವಿಧಾನ ನಾವು ಮಸಾಜು ಎಂದಾಗ ನೆನೆಯುವ ತಿಕ್ಕಾಟವಲ್ಲ. ದುಗ್ಧನಾಳಗಳು ಚರ್ಮದ ಕೆಳಗೇ ಇವೆ. ಎಣ್ಣೆ ಹಾಕಿ ಬಲವಾಗಿ ನೀವಿದರೆ ಅಲ್ಲಿಗೆ ರಕ್ತ ನುಗ್ಗಿ ಬಾವು ಹೆಚ್ಚುತ್ತದೆ. ಇಲ್ಲಿ ಎಣ್ಣೆಯೇ ಬೇಡ. ಅಂಗೈಯನ್ನು ಚರ್ಮದ ಮೇಲಿಟ್ಟು, ಚರ್ಮವನ್ನು ನಿಧಾನವಾಗಿ ಒಂದು ದಿಕ್ಕಿಗೆ ಸರಿಸಿ, ಬಿಟ್ಟುಬಿಡುವುದು. ಚರ್ಮ ಕೆಂಪಾದರೆ ಒತ್ತಡ ಜಾಸ್ತಿಯಾಯಿತೆಂದು ಅರ್ಥ.

ಮುಂದಿನ ದಾರಿ ಮೊದಲು ತೆರವಾಗಬೇಕು, ಆದ್ದರಿಂದ ಆರಂಭ ಕೈಯಿಂದಲ್ಲ. ಐದು ಆಳವಾದ ಉಸಿರು, ಹೊಟ್ಟೆ ಉಬ್ಬುವಂತೆ. ಕೊರಳೆಲುಬಿನ ಮೇಲಿನ ಗುಳಿಗಳಲ್ಲಿ ಹತ್ತು ಸಲ. ಆಪರೇಷನ್ ಆಗದ ಕಡೆಯ ಕಂಕುಳಲ್ಲಿ ಹತ್ತು ಸಲ, ಆಮೇಲೆ ಎದೆಯ ಮೇಲ್ಭಾಗದಲ್ಲಿ ಊದಿದ ಕಡೆಯಿಂದ ಆ ಕಂಕುಳಿನತ್ತ. ನಂತರ ಊದಿದ ಕಡೆಯ ತೊಡೆಸಂದು, ಅಲ್ಲಿಗೆ ಪಕ್ಕೆಯ ಉದ್ದಕ್ಕೂ ಮೇಲಿಂದ ಕೆಳಕ್ಕೆ. ಇಷ್ಟಾದ ಮೇಲೆ ರಟ್ಟೆಯನ್ನು ಹೊರಬದಿಗೆ ಮತ್ತು ಭುಜದತ್ತ, ಆಮೇಲೆ ಮುಂಗೈ, ಕೊನೆಗೆ ಹಸ್ತ. ಮುಗಿಸುವಾಗ ಹಸ್ತದಿಂದ ಭುಜದವರೆಗೆ ಒಮ್ಮೆ. ಒಟ್ಟು ಹದಿನೈದು-ಇಪ್ಪತ್ತು ನಿಮಿಷ. ಎರಡೂ ಕಡೆ ಆಪರೇಷನ್ ಆದವರು ತೊಡೆಸಂದಿನತ್ತ ಮಾತ್ರ ಸರಿಸಬೇಕು. ಎದೆ, ಬೆನ್ನು ಊದಿರುವವರಿಗೆ ಈ ಮಸಾಜಿನಿಂದ ಹೆಚ್ಚು ಲಾಭ, ಯಾಕೆಂದರೆ ಅಲ್ಲಿ ಬ್ಯಾಂಡೇಜ್ ಕಟ್ಟುವುದು ಕಷ್ಟ. ಕೈಯ ಬಾವಿಗೆ ಮಸಾಜೊಂದನ್ನೇ ನೆಚ್ಚಿಕೊಂಡರೆ ಸಂಜೆಯೊಳಗೆ ಮೊದಲಿನಂತಾಗುತ್ತದೆ.

ಹಿಡಿದಿಡುವ ಹಂತ: ಸ್ಲೀವ್

ಬ್ಯಾಂಡೇಜ್ ಬಿಚ್ಚಿದ ಬೆಳಗ್ಗೆಯೇ, ಕೈ ಅತಿ ಸಣ್ಣದಿರುವಾಗ, ಸ್ಲೀವಿಗೆ ಅಳತೆ ಕೊಡಬೇಕು. ಸ್ಲೀವ್ ಬರುವವರೆಗೆ ಬ್ಯಾಂಡೇಜ್ ಮುಂದುವರಿಯಲಿ. ಈ ನಡುವಿನ ವಾರದಲ್ಲಿ ಏನೂ ಕಟ್ಟದೆ ಬಿಟ್ಟರೆ ತಿಂಗಳ ಶ್ರಮ ನೀರುಪಾಲು. ಸಾಮಾನ್ಯವಾಗಿ 20-30 ಮಿ.ಮೀ. ಪಾದರಸದ ಒತ್ತಡದ ಸ್ಲೀವ್ ಹೇಳುತ್ತಾರೆ, ತುಂಬಾ ಸೌಮ್ಯ ಬಾವಿಗೆ 15-20 ಸಾಕಾಗಬಹುದು. ಹೊಲಿಗೆಯಿಲ್ಲದ, ತೆಳ್ಳಗಿನ ಸ್ಲೀವ್ ಆರಂಭದ ಬಾವಿಗೆ ಸರಿ. ಗಟ್ಟಿಯಾದ, ಮಡಿಕೆಬಿದ್ದ ಕೈಗೆ ಫ್ಲಾಟ್ ನಿಟ್ ಎಂಬ ದಪ್ಪ ನೇಯ್ಗೆಯದನ್ನು ಅಳತೆ ಕೊಟ್ಟು ಮಾಡಿಸಬೇಕು, ತೆಳ್ಳಗಿನದು ಮಡಿಕೆಯೊಳಗೆ ಕಚ್ಚುತ್ತದೆ. ಹಸ್ತದಲ್ಲಿ ಬಾವಿದ್ದರೆ ಕೈಗವಸೂ ಬೇಕು.

ಬೆಳಗ್ಗೆ ಎದ್ದ ಕೂಡಲೇ ತೊಡಿ, ರಾತ್ರಿ ಮಲಗುವಾಗ ತೆಗೆಯಿರಿ. ಅಡುಗೆಮನೆಯ ರಬ್ಬರ್ ಕೈಗವಸು ಹಾಕಿಕೊಂಡರೆ ಬಟ್ಟೆ ಜಾರದೆ ಹಿಡಿತ ಸಿಗುತ್ತದೆ. ಮೇಲಿನ ಅರ್ಧವನ್ನು ಒಳಗು ಹೊರಗು ಮಾಡಿ, ಮಣಿಕಟ್ಟಿನವರೆಗೆ ಏರಿಸಿ, ಅಲ್ಲಿಂದ ಅಂಗೈಯಲ್ಲಿ ಸ್ವಲ್ಪ ಸ್ವಲ್ಪವೇ ನೇವರಿಸುತ್ತ ಮೇಲೆ ಸರಿಸಿ. ಮೇಲಂಚು ಹಿಡಿದು ಎಳೆದರೆ ಬಟ್ಟೆಯೆಲ್ಲ ಮೇಲೆ ಗುಂಪಾಗಿ ಅಲ್ಲೇ ಬಿಗಿಯುತ್ತದೆ. ಉದ್ದವಾಯಿತೆಂದು ಮೇಲಂಚು ಮಡಚಬೇಡಿ, ಮಡಚಿದಲ್ಲಿ ಒತ್ತಡ ಇಮ್ಮಡಿ. ಮಾಯಿಶ್ಚರೈಸರ್ ರಾತ್ರಿ ಹಚ್ಚಿ.

ಎರಡು ಸ್ಲೀವ್ ಇರಲಿ, ಒಂದು ಒಗೆದಾಗ ಇನ್ನೊಂದು. ತಣ್ಣೀರು, ಸೌಮ್ಯ ಸೋಪು, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು ನೆರಳಲ್ಲಿ ಹರಡಿ. ಮಳೆಗಾಲದ ಮಲೆನಾಡಿನಲ್ಲಿ ಒಂದೇ ಇದ್ದರೆ ಹಸಿಯದನ್ನೇ ಹಾಕಿಕೊಳ್ಳುವ ಪರಿಸ್ಥಿತಿ ಬರುತ್ತದೆ, ಅದು ಶಿಲೀಂಧ್ರಕ್ಕೆ ಆಹ್ವಾನ. ರಾಯಚೂರಿನಂಥ ಕಡೆ ಬೇಸಿಗೆಯಲ್ಲಿ ಸ್ಲೀವ್ ಬಿಡುವ ಮನಸ್ಸಾಗುವುದು ಸಹಜ, ಆದರೆ ಸೆಖೆಯಲ್ಲೇ ಬಾವು ಹೆಚ್ಚು. ತೊಟ್ಟ ಸ್ಲೀವ್ ಮೇಲೆ ತಣ್ಣೀರು ಸಿಂಪಡಿಸಿಕೊಂಡರೆ ಆರುವಾಗ ಕೈ ತಂಪಾಗುತ್ತದೆ. ದಿನವೂ ತೊಡುವ ಸ್ಲೀವ್ ಆರು ತಿಂಗಳಲ್ಲಿ ಬಿಗಿ ಕಳೆದುಕೊಳ್ಳುತ್ತದೆ. ಸಲೀಸಾಗಿ ಏರುತ್ತಿದೆ ಎಂದಾದರೆ ಬದಲಿಸುವ ಕಾಲ ಬಂತು.

ಕೆಲಸ, ವ್ಯಾಯಾಮ

"ಆ ಕೈಯಲ್ಲಿ ಏನೂ ಎತ್ತಬೇಡಿ" ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದನ್ನು ಬಿಡಬೇಕು. ಅಮೆರಿಕದಲ್ಲಿ ಕ್ಯಾಥ್ರಿನ್ ಸ್ಮಿಟ್ಜ್ ತಂಡ ಲಿಂಫೆಡಿಮಾ ಇದ್ದ 141 ಮಹಿಳೆಯರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಧಾನವಾಗಿ ಭಾರ ಹೆಚ್ಚಿಸುತ್ತ ವಾರಕ್ಕೆರಡು ಸಲ ವ್ಯಾಯಾಮ ಮಾಡಿದವರ ಬಾವು ಹೆಚ್ಚಲಿಲ್ಲ, ಉಲ್ಬಣಗೊಳ್ಳುವುದು ಕಡಿಮೆಯಾಯಿತು. ಸ್ನಾಯುವೇ ದುಗ್ಧರಸದ ಪಂಪು. ಗಾಯ ಪೂರ್ತಿ ಮಾಗಿದ ಮೇಲೆ, ಸ್ಲೀವ್ ತೊಟ್ಟು, ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರುಮಾಡಿ. ಮೊಣಕೈ ಮಡಚುವುದು, ಭುಜದ ಮಟ್ಟಕ್ಕೆ ಎತ್ತುವುದು, ಗೋಡೆಯ ಮೇಲೆ ಬೆರಳು ನಡೆಸುವುದು, ತಲಾ ಎಂಟು-ಹತ್ತು ಸಲ. ಮರುದಿನ ಕೈ ಭಾರವೆನಿಸದಿದ್ದರೆ ಒಂದೆರಡು ವಾರಕ್ಕೊಮ್ಮೆ ಸ್ವಲ್ಪ ಹೆಚ್ಚಿಸಿ, ಭಾರವೆನಿಸಿದರೆ ಹಿಂದಿನ ಮಟ್ಟಕ್ಕೆ ಬನ್ನಿ. ತೊಂದರೆಯಿರುವುದು ಅಭ್ಯಾಸವಿಲ್ಲದೆ ಒಮ್ಮೆಗೇ ತುಂಬಿದ ಕೊಡ ಹೊರುವುದರಲ್ಲಿ, ಹಬ್ಬದ ಹಿಂದಿನ ದಿನ ಮನೆಯೆಲ್ಲ ಒಬ್ಬರೇ ತಿಕ್ಕುವುದರಲ್ಲಿ. ತೂಕ ಹೆಚ್ಚಿರುವವರು ತೂಕ ಇಳಿಸಿದರೆ ಕೈಗೂ ಅನುಕೂಲ.

ಚರ್ಮ ಮತ್ತು ಸೋಂಕು

ನಿಂತ ದ್ರವದಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ, ಪ್ರತಿ ಸೋಂಕೂ ಉಳಿದ ದುಗ್ಧನಾಳಗಳನ್ನು ಕೆಡಿಸುತ್ತದೆ. ಈಳಿಗೆಮಣೆ, ತುರಿಮಣೆಯ ಗಾಯ, ಒಗ್ಗರಣೆ ಸಿಡಿದದ್ದು, ಗುಲಾಬಿ ಮುಳ್ಳು, ಬೆಕ್ಕಿನ ಪರಚು, ಇವನ್ನೆಲ್ಲ ಕೂಡಲೇ ಸೋಪುನೀರಿನಲ್ಲಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ತೋಟದ ಕೆಲಸಕ್ಕೆ ಕೈಗವಸು ಇರಲಿ. ಕಂಕುಳ ಕೂದಲಿಗೆ ಬ್ಲೇಡ್ ಬೇಡ, ಎಲೆಕ್ಟ್ರಿಕ್ ಟ್ರಿಮ್ಮರ್ ಬಳಸಿ. ಬಾವಿಗೆಂದು ಬಿಸಿನೀರಿನ ಶಾಖ ಕೊಡಬೇಡಿ. ರೇಡಿಯೇಷನ್ ನಂತರ ಸ್ಪರ್ಶ ಮಂಕಾದ ಚರ್ಮ ಸುಟ್ಟರೂ ತಿಳಿಯದು.

ಕೈ ಕೆಂಪಾಗಿ, ಬಿಸಿಯಾಗಿ, ನೋಯುತ್ತಿದ್ದು ಚಳಿಜ್ವರ ಬಂದರೆ ಅದು ಸೆಲ್ಯುಲೈಟಿಸ್, ಅಂದರೆ ಚರ್ಮದಡಿಯ ಸೋಂಕು. ಅಂದೇ ವೈದ್ಯರ ಬಳಿ ಹೋಗಿ ಆಂಟಿಬಯಾಟಿಕ್ ಶುರುಮಾಡಬೇಕು. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದಿಟ್ಟರೆ ಹರಡುತ್ತಿದೆಯೇ ಎಂದು ತಿಳಿಯುತ್ತದೆ. ಜ್ವರ, ನೋವು ಇಳಿಯುವವರೆಗೆ ಮಸಾಜು ನಿಲ್ಲಿಸಿ. ಬ್ಯಾಂಡೇಜ್, ಸ್ಲೀವ್ ಮತ್ತೆ ಯಾವಾಗ ಎಂಬುದನ್ನು ವೈದ್ಯರನ್ನು ಕೇಳಿ. ವರ್ಷಕ್ಕೆ ಎರಡು-ಮೂರು ಸಲ ಮರುಕಳಿಸಿದರೆ ದೀರ್ಘಕಾಲ ಕಡಿಮೆ ಪ್ರಮಾಣದ ಪೆನಿಸಿಲಿನ್ ಕೊಡುವ ಕ್ರಮವಿದೆ, ಅದರ ಬಗ್ಗೆ ವಿಚಾರಿಸಿ. ಹಳೆಯ ಬಾವಿನ ಮೇಲೆ ಪೆಟ್ಟಿಲ್ಲದೆ ನೇರಳೆ ಬಣ್ಣದ ಕಲೆ ಅಥವಾ ಗಂಟು ಮೂಡಿದರೆ ತಡಮಾಡದೆ ಬಯಾಪ್ಸಿ ಆಗಬೇಕು. ತೀರಾ ಅಪರೂಪ, ಆದರೆ ಅದು ರಕ್ತನಾಳದ ಕ್ಯಾನ್ಸರ್ ಆಗಿರಬಹುದು.

ಬಿಪಿ ನೋಡಲು, ರಕ್ತ ತೆಗೆಯಲು ಇನ್ನೊಂದು ಕೈ ಕೊಡುವುದು ಒಳ್ಳೆಯ ರೂಢಿ. ಅವುಗಳಿಂದಲೇ ಲಿಂಫೆಡಿಮಾ ಬರುತ್ತದೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ತುರ್ತಿನಲ್ಲಿ ಆ ಕೈಯಲ್ಲೇ ಸೂಜಿ ಹಾಕಬೇಕಾದರೆ ತಡೆಯಬೇಡಿ.

ಪಂಪು ಮತ್ತು ಆಪರೇಷನ್

ಗಾಳಿ ತುಂಬಿ ಹಿಂಡುವ ಪಂಪನ್ನು 30-60 ಮಿ.ಮೀ. ಒತ್ತಡದಲ್ಲಿ ಅರ್ಧ-ಒಂದು ಗಂಟೆ ಬಳಸುತ್ತಾರೆ. ಅದು ನೀರನ್ನು ಸರಿಸುತ್ತದೆ, ಪ್ರೋಟೀನನ್ನು ಅಷ್ಟಾಗಿ ಸರಿಸುವುದಿಲ್ಲ. ತೆಗೆದ ತಕ್ಷಣ ಸ್ಲೀವ್ ಹಾಕದಿದ್ದರೆ ಮತ್ತೆ ತುಂಬುತ್ತದೆ. ಎದೆ, ಪಕ್ಕೆಯಲ್ಲಿ ಬಾವಿದ್ದವರು ಚಿಕಿತ್ಸಕರನ್ನು ಕೇಳದೆ ಬಳಸಬಾರದು.

ದುಗ್ಧನಾಳವನ್ನು ಸಣ್ಣ ರಕ್ತನಾಳಕ್ಕೆ ಜೋಡಿಸುವ ಅಥವಾ ದೇಹದ ಬೇರೆಡೆಯಿಂದ ಗ್ರಂಥಿಗಳನ್ನು ತಂದು ಕೂರಿಸುವ ಸೂಕ್ಷ್ಮ ಆಪರೇಷನ್‌ಗಳು ಬಾವು ಮೆತ್ತಗಿರುವ ಆರಂಭದಲ್ಲೇ ಹೆಚ್ಚು ಫಲ ಕೊಡುತ್ತವೆ. ಒತ್ತಿದರೆ ಕುಳಿಯೇ ಬೀಳದ, ಕೊಬ್ಬು ತುಂಬಿದ ಕೈಗೆ ಸ್ವೀಡನ್ನಿನ ಹೊಕಾನ್ ಬ್ರೊರ್ಸನ್ ರೂಪಿಸಿದ, ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಕ್ರಮವಿದೆ, ಕೈ ಇನ್ನೊಂದರ ಗಾತ್ರಕ್ಕೇ ಇಳಿಯಬಲ್ಲದು. ಆದರೆ ಅದರ ನಂತರ ಹಗಲೂ ರಾತ್ರಿಯೂ, ಜೀವನಪೂರ್ತಿ ಸ್ಲೀವ್ ತೊಡಲೇಬೇಕು. ಹಾಗಾಗಿ ಮೊದಲೇ ಕೆಲವು ತಿಂಗಳು ತಪ್ಪದೆ ಸ್ಲೀವ್ ತೊಟ್ಟು ತೋರಿಸಿದವರನ್ನಷ್ಟೇ ಈ ಆಪರೇಷನ್ನಿಗೆ ಆರಿಸಿಕೊಳ್ಳುವುದು ಸರಿಯಾದ ಪದ್ಧತಿ.